ಎ.ಕೆ. ಕಾಲೋನಿ ಬೋರ್ಡ್ ಬದಲಾಯಿಸಲು ನಾವು ಓಡಾಡಿದ್ದು

ಬೆಂಗಳೂರು ನುಂಗಿಕೊಂಡ ಹಳ್ಳಿಗಳ ಅಂಚಿನಲ್ಲಿ ಎ.ಕೆ. ಕಾಲೋನಿಗಳು ಇನ್ನೂ ಇವೆ. ಎ.ಕೆ. ಅಂದರೆ ಆದಿ ಕರ್ನಾಟಕ. ಮೈಸೂರು ಸಂಸ್ಥಾನದ ಕಾಲದಲ್ಲಿ ಅಸ್ಪೃಶ್ಯರೆನಿಸಿಕೊಂಡವರನ್ನು ‘ಪಂಚಮ’ ಎಂದು ಕರೆಯುವುದನ್ನು ಬಿಟ್ಟು ಗೌರವಕ್ಕೆಂದು ತಂದ ಹೆಸರು. ಇವತ್ತು ಆ ವಿಳಾಸ ಕೊಟ್ಟರೆ ಜಾತಿ ಸರ್ಟಿಫಿಕೇಟ್ ಕೊಟ್ಟ ಹಾಗೆ. ನಮ್ಮ ಬೀದಿಯ ಹುಡುಗಿಯೊಬ್ಬಳು ಬಾಡಿಗೆ ಮನೆ ಕೇಳಲು ಹೋದಾಗ ಓನರ್ ಆಕೆಯ ಆಧಾರ್ ಕಾರ್ಡ್ ತಿರುಗಿಸಿ ವಿಳಾಸ ಓದಿದರು. ಅಡ್ವಾನ್ಸ್ ಎಷ್ಟೆಂದು ಅಲ್ಲಿಯವರೆಗೆ ಮಾತಾಡುತ್ತಿದ್ದವರು, ‘ಮನೆ ಬೇರೆಯವರಿಗೆ ಮಾತಾಗಿದೆಯಮ್ಮ’ ಎಂದು ಕಾರ್ಡ್ ವಾಪಸ್ ಕೊಟ್ಟರು. ಕಾಲೋನಿಯ ಹೆಸರು ಬದಲಾಯಿಸಿ ಎಂದು ನಾವು ಸಹಿ ಸಂಗ್ರಹ ಶುರುಮಾಡಿದ್ದು ಆಮೇಲೆ.

ವಿರೋಧ ಬಂದದ್ದು ಊರಿನ ಮೇಲ್ಜಾತಿಯವರಿಂದಲ್ಲ, ನಮ್ಮ ಮನೆಗಳಿಂದಲೇ. ‘ಹೆಸರು ಹೋದರೆ ಗ್ರಾಂಟೂ ಹೋಗುತ್ತೆ’ ಎಂಬ ಭಯ. ನ್ಯಾಯವಾದ ಭಯವೇ; ಚರಂಡಿ, ಬೋರ್‌ವೆಲ್ ಎಲ್ಲಾ ಆ ಹೆಸರಿನಲ್ಲೇ ಬಂದಿದ್ದವು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಬಜೆಟ್ಟಿನಲ್ಲಿ ಪಾಲು ತೆಗೆದಿಡುವ 2013ರ ಎಸ್‌ಸಿಎಸ್‌ಪಿ–ಟಿಎಸ್‌ಪಿ ಕಾಯ್ದೆಯಲ್ಲಿ ಹಣ ಹಂಚುವುದು ಜನಸಂಖ್ಯೆ ನೋಡಿ, ಬೋರ್ಡ್ ನೋಡಿ ಅಲ್ಲ ಎಂದು ಮನೆಮನೆಗೆ ಹೋಗಿ ಹೇಳಬೇಕಾಯಿತು.

ಹೊಸ ಹೆಸರಿನ ಜಗಳ ಇನ್ನೂ ದೊಡ್ಡದು. ಹಿರಿಯರಿಗೆ ಅಂಬೇಡ್ಕರ್ ನಗರವೇ ಆಗಬೇಕು. ಕಾಲೇಜಿಗೆ ಹೋಗುವವರು, ‘ಅದನ್ನು ಕೇಳಿದರೂ ಜಾತಿ ಗೊತ್ತಾಗುತ್ತೆ, ಪಕ್ಕದ ಲೇಔಟಿನ ಹೆಸರೇ ನಮಗೂ ಇರಲಿ’ ಅಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅಮೆರಿಕದಲ್ಲಿ 1963ರಲ್ಲಿ ಕಪ್ಪುಜನರನ್ನು ಹೀಯಾಳಿಸುವ ಪದವನ್ನು ಸರ್ಕಾರಿ ನಕ್ಷೆಗಳ ಸ್ಥಳನಾಮಗಳಿಂದ ತೆಗೆದು ‘ನೀಗ್ರೋ’ ಎಂದು ಹಾಕಿದರು. ಈಗ ಅದನ್ನೂ ತೆಗೆಯಿರಿ ಎಂಬ ಒತ್ತಾಯವಿದೆ. ಜನ ನೋಡುವ ರೀತಿ ಬದಲಾಗದಿದ್ದರೆ ಹೊಸ ಹೆಸರಿಗೂ ಅದೇ ಗತಿ. ಆದರೂ ಬಾಬಾಸಾಹೇಬರ ಹೆಸರನ್ನು ಅವಮಾನಕ್ಕೆ ಹೆದರಿ ಬಿಡಲು ನನಗೆ ಮನಸ್ಸಿರಲಿಲ್ಲ. ಸಮುದಾಯ ಭವನದಲ್ಲಿ ಕೂತು ಕೈಯೆತ್ತಿಸಿದಾಗ ಹೆಂಗಸರು ಬಹುಪಾಲು ಆ ಕಡೆಯೇ ಎತ್ತಿದರು, ಅಂಬೇಡ್ಕರ್ ನಗರ ಎಂದು ತೀರ್ಮಾನವಾಯಿತು.

ಮಹಾರಾಷ್ಟ್ರದಲ್ಲಿ 2020ರ ಡಿಸೆಂಬರ್‌ನಲ್ಲಿ ಸಂಪುಟವೇ ಜಾತಿಸೂಚಕ ಬಡಾವಣೆ ಹೆಸರುಗಳನ್ನು ಕೈಬಿಡಲು ನಿರ್ಧರಿಸಿತು. ಕೇರಳದಲ್ಲಿ 2024ರ ಜೂನ್‌ನಲ್ಲಿ ಸಚಿವ ಕೆ. ರಾಧಾಕೃಷ್ಣನ್ ‘ಕಾಲೋನಿ’ ಪದವನ್ನೇ ಬೇಡವೆಂದರು. ಕರ್ನಾಟಕದಲ್ಲಿ ನಾವು ಮಾತ್ರ ಬೀದಿಬೀದಿಯಾಗಿ ಅರ್ಜಿ ಹಿಡಿದು ಅಲೆಯುತ್ತಿದ್ದೇವೆ. ಇದು ಸರಿಯಲ್ಲ.

ಅರ್ಜಿ ಹಾಕುವವರಿಗೆ ಒಂದು ಮಾತು. ಕಂದಾಯ ಗ್ರಾಮದ ಹೆಸರಾದರೆ ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು. ರಸ್ತೆ, ಬಡಾವಣೆಯದಾದರೆ ಪಾಲಿಕೆ ಮಟ್ಟದಲ್ಲೇ ಆಗುತ್ತದೆ. 2020ರ ಸೆಪ್ಟೆಂಬರ್‌ಗೆ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದ ಮೇಲೆ ನಮ್ಮ ಪರ ಮಾತಾಡಲು ಕಾರ್ಪೊರೇಟರ್ ಇರಲಿಲ್ಲ, ಫೈಲು ಆಡಳಿತಾಧಿಕಾರಿಯ ಮೇಜಿಗೇ ಹೋಗಬೇಕಿತ್ತು. ಹಾಗಾಗಿ ಪ್ರತಿ ಸಲವೂ ಸ್ವೀಕೃತಿ ಸೀಲು ಹಾಕಿಸಿಕೊಂಡೇ ಬನ್ನಿ.

ಬೋರ್ಡ್ ಬಂದ ಕೂಡಲೇ ಆಧಾರ್ ಕೇಂದ್ರಕ್ಕೆ ಓಡಬೇಡಿ. ಮೊದಲು ಬೆಸ್ಕಾಂ ಬಿಲ್ಲಿನಲ್ಲಿ ವಿಳಾಸ ತಿದ್ದಿಸಿ. 3 ತಿಂಗಳೊಳಗಿನ ಬಿಲ್ಲು ಆಧಾರ್‌ಗೆ ದಾಖಲೆಯಾಗುತ್ತದೆ. ವೋಟರ್ ಪಟ್ಟಿಗೆ ಫಾರ್ಮ್ 8. ನಮ್ಮಲ್ಲಿ ಬಾಡಿಗೆದಾರರ ವಿಳಾಸ ತಿದ್ದುವುದು ಇನ್ನೂ ಬಾಕಿ. ಬಿಲ್ಲು ಅವರ ಹೆಸರಿನಲ್ಲಿಲ್ಲ.