ಹೆಸರು ತಿಳಿಯದ ಡಚ್ ಮಹಿಳೆಯ ಭಾವಚಿತ್ರವನ್ನು ಪರಿಶೀಲಿಸುವ ಬಗೆ

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಚಿತ್ರಕಾರ ಹಲ್ದಣಕರ್ ಅವರ ವರ್ಣಚಿತ್ರದಲ್ಲಿ ದೀಪ ಹಿಡಿದಿರುವ ಹೆಣ್ಣು ಅವರ ಮಗಳು ಗೀತಾ ಎಂಬುದು ಇಂದು ತಿಳಿದ ಸಂಗತಿ. ಆದರೆ 17ನೇ ಶತಮಾನದ ಎಷ್ಟೋ ಡಚ್ ತೈಲಚಿತ್ರಗಳು ಮನೆತನದಿಂದ ಮನೆತನಕ್ಕೆ, ಹರಾಜಿನಿಂದ ಹರಾಜಿಗೆ ಕೈ ಬದಲಾಯಿಸುತ್ತ, ಅದರಲ್ಲಿರುವವರ ಹೆಸರನ್ನು ದಾರಿಯಲ್ಲೇ ಕಳೆದುಕೊಂಡಿವೆ.

ಮೊದಲು ಮುಖವನ್ನು ಬಿಟ್ಟು ಹಿನ್ನೆಲೆಯ ಮೂಲೆಗಳನ್ನು ನೋಡಿ. ಅಲ್ಲಿ ಲ್ಯಾಟಿನ್ನಿನಲ್ಲಿ ವಯಸ್ಸು ಮತ್ತು ಇಸವಿ ಬರೆದಿದ್ದರೆ ದೊಡ್ಡ ನೆರವು: 1634ರಲ್ಲಿ 30 ವರ್ಷ ಎಂದಿದ್ದರೆ, 1604ರ ಆಸುಪಾಸಿನ ಜ್ಞಾನಸ್ನಾನದ ದಾಖಲೆಗಳಲ್ಲಿ ಹುಡುಕಬಹುದು. ಆದರೆ ಅಕ್ಷರಗಳನ್ನಾಗಲಿ ವಂಶಲಾಂಛನವನ್ನಾಗಲಿ ಒಡನೆ ನಂಬಬೇಡಿ. ಅಕ್ಷರದ ಬಣ್ಣ ಹಳೆಯ ಬಿರುಕುಗಳೊಳಗೆ ಇಳಿದಿದ್ದರೆ ಅದನ್ನು ಮುಂದಿನ ಕಾಲದವರು ಸೇರಿಸಿದ್ದಾರೆ.

ಬಳಿಕ ಆಕೆ ಯಾವ ಕಡೆಗೆ ತಿರುಗಿದ್ದಾಳೆಂದು ಗಮನಿಸಿ. ದಂಪತಿಗಳ ಜೋಡಿಚಿತ್ರಗಳಲ್ಲಿ ಗಂಡನ ಚಿತ್ರ ಸಾಮಾನ್ಯವಾಗಿ ನೋಡುಗರ ಎಡಕ್ಕೂ ಹೆಂಡತಿಯದು ಬಲಕ್ಕೂ ಇರುತ್ತಿದ್ದುದರಿಂದ, ಎಡಕ್ಕೆ ಮುಖ ಮಾಡಿದ ಮಹಿಳೆಗೆ ಜೋಡಿಯಾದ ಚಿತ್ರ ಬೇರೆಲ್ಲೋ ಇರುವ ಸಾಧ್ಯತೆಯಿದೆ. ಅದೇ ಅಳತೆಯ ಪುರುಷನ ಚಿತ್ರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ.

ಉಡುಪಿಗೆ ಹೆಚ್ಚು ಹೊತ್ತು ಕೊಡಿ. ಕಪ್ಪು ಬಟ್ಟೆ ಶೋಕದ್ದೆಂದು ತಿಳಿಯುವುದು ಬಹು ಸಾಮಾನ್ಯವಾದ ತಪ್ಪು. ಗಾಢವಾದ ಕಪ್ಪು ಬಣ್ಣ ಹಾಕಿಸುವುದು ದುಬಾರಿಯಾಗಿದ್ದ ಆ ಕಾಲದಲ್ಲಿ ಅದು ಸಿರಿವಂತಿಕೆಯ ಗುರುತಾಗಿತ್ತು. ಗಂಜಿ ಹಾಕಿದ ದುಂಡನೆಯ ದೊಡ್ಡ ಕೊರಳುಪಟ್ಟಿ 1630ರ ದಶಕದಲ್ಲಿ ತರುಣಿಯರಿಂದ ದೂರವಾಗುತ್ತ, ಹೆಗಲ ಮೇಲೆ ಹರಡುವ ಲೇಸಿನ ಪಟ್ಟಿ ಬಂದಿತು. ವಯಸ್ಸಾದವರು ಹಳೆಯದನ್ನೇ ತೊಡುತ್ತಿದ್ದುದರಿಂದ ಕೊರಳುಪಟ್ಟಿಯೊಂದರಿಂದಲೇ ಕಾಲ ನಿರ್ಧರಿಸುವುದು ಸರಿಯಲ್ಲ.

ಹೆಸರು ಸೂಚಿಸುವ ಮುನ್ನ ಚಿತ್ರ ಯಾರ ಮನೆಯಲ್ಲಿತ್ತು ಎಂಬುದನ್ನು ತಿಳಿಯಬೇಕು, ಆದರೆ ಅದೂ ದಾರಿ ತಪ್ಪಿಸಬಲ್ಲದು. ರೆಂಬ್ರಾಂಟ್ 1634ರಲ್ಲಿ ಬರೆದ ಊಪ್ಯೆನ್ ಕೊಪ್ಪಿಟ್ ಅವರ ಆಳೆತ್ತರದ ಚಿತ್ರ ಆಕೆಯ ಎರಡನೆಯ ಗಂಡನ ಮನೆತನದಲ್ಲಿ ಉಳಿದಿತ್ತು. ಹೀಗಾಗಿ ಅದು ಆತನ ಮೊದಲ ಹೆಂಡತಿಯದೆಂಬ ನಂಬಿಕೆ 1956ರವರೆಗೂ ನಡೆದುಬಂತು. ಇನ್ನು ಕೆಲವು ಚಿತ್ರಗಳಲ್ಲಿ ಹುಡುಕಲು ಹೆಸರೇ ಇರುವುದಿಲ್ಲ: ವರ್ಮೀರ್ ಅವರ ಮುತ್ತಿನೋಲೆಯ ಹುಡುಗಿ ವ್ಯಕ್ತಿಯೊಬ್ಬಳ ಭಾವಚಿತ್ರವಲ್ಲ, ಟ್ರೋನಿ ಎಂಬ ಮುಖಾಭ್ಯಾಸದ ಚಿತ್ರ.

ಮೈಸೂರಿನಿಂದಲೇ ಹುಡುಕುವವರಿಗೆ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿರುವ ಆರ್‌ಕೆಡಿ ಎಂಬ ಕಲಾ ಇತಿಹಾಸ ಸಂಸ್ಥೆಯ ಚಿತ್ರಕೋಶ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಇಸವಿ, ವಯಸ್ಸು, ಊರು, ಒಡೆತನದ ಚರಿತ್ರೆ ಇವು ಒಂದಕ್ಕೊಂದು ಹೊಂದಿದಾಗ ಮಾತ್ರ ಹೆಸರು ಬರೆಯಿರಿ. ಇಲ್ಲವಾದರೆ ‘ಅಪರಿಚಿತ ಮಹಿಳೆ’ ಎಂದೇ ಬರೆದು, ಕಂಡ ಆಧಾರಗಳನ್ನು ಕೆಳಗೆ ನಮೂದಿಸಿ.