ಒಂದೇ ಟ್ರೇಯಲ್ಲಿ ಸಾಸೇಜ್ ಮತ್ತು ಆಲೂಗಡ್ಡೆ: ನನ್ನ ಅನುಭವ

ಸಾಸೇಜನ್ನೂ ಆಲೂಗಡ್ಡೆಯನ್ನೂ ಒಂದೇ ಟ್ರೇಯಲ್ಲಿ ಹಾಕಿ, ಬೇರೆ ಪಾತ್ರೆಯನ್ನು ಮುಟ್ಟದೆ, ಎರಡೂ ತಮ್ಮ ತಮ್ಮ ಹದಕ್ಕೆ ಬರುವಂತೆ ಓವನ್ನಿನಲ್ಲಿ ಹುರಿದು ತೆಗೆಯಬಹುದು ಎಂದು ನಾನು ಹೇಳಿದಾಗ ಅಡುಗೆಯಲ್ಲಿ ಪಳಗಿದ ಗೆಳೆಯರು ಯಾರೂ ಒಪ್ಪಿರಲಿಲ್ಲ. ಅವರ ಆಕ್ಷೇಪದಲ್ಲಿ ಹುರುಳಿತ್ತು. ಹಸಿ ಆಲೂಗಡ್ಡೆಯ ದಪ್ಪ ಹೋಳು ಒಳಗೆ ಬೆಂದು ಹೊರಗೆ ಗರಿಗರಿಯಾಗಲು ಮುಕ್ಕಾಲು ಗಂಟೆಗೂ ಹೆಚ್ಚು ಬೇಕು, ಸಾಸೇಜಿಗೆ 25 ನಿಮಿಷ ಧಾರಾಳವಾಯಿತು. ಆದ್ದರಿಂದ ಆಲೂಗಡ್ಡೆಯನ್ನು ಮೊದಲೇ ನೀರಿನಲ್ಲಿ ಕುದಿಸಿ ಬಸಿದುಕೊಳ್ಳದೆ ಗತ್ಯಂತರವಿಲ್ಲವೆಂಬುದು ಅವರ ತೀರ್ಮಾನವಾಗಿತ್ತು. ಮೊದಲ 20 ನಿಮಿಷ ಟ್ರೇಯನ್ನು ಅಲ್ಯೂಮಿನಿಯಂ ಫಾಯಿಲ್‌ನಿಂದ ಬಿಗಿಯಾಗಿ ಮುಚ್ಚಿಬಿಡುವ ನನ್ನ ಉಪಾಯವನ್ನು ಕೇಳಿದವರಂತೂ, ಹಬೆಯಲ್ಲಿ ಬೆಂದ ಹೋಳು ಆಮೇಲೆ ಏನು ಮಾಡಿದರೂ ಗರಿಗರಿಯಾಗದು ಎಂದು ನಕ್ಕರು. ಈಗ ಅವರಲ್ಲಿ ಇಬ್ಬರು ತಮ್ಮ ಮನೆಯಲ್ಲಿ ಇದೇ ಕ್ರಮವನ್ನು ಹಿಡಿದಿದ್ದಾರೆ. ನಕ್ಕದ್ದನ್ನು ಅವರು ಮರೆತಿರಬಹುದು, ನಾನು ಮರೆತಿಲ್ಲ.

ಎಲ್ಲವನ್ನೂ ಒಮ್ಮೆಗೇ ಟ್ರೇಗೆ ಸುರಿದು ಓವನ್ನಿಗೆ ತಳ್ಳುವ ವಿಧಾನ ಏಕೆ ಕೆಡುತ್ತದೆ ಎಂಬುದನ್ನು ಮಾಡಿ ನೋಡಿದವರೆಲ್ಲ ಬಲ್ಲರು. ಆಲೂಗಡ್ಡೆಯ ನಡುಭಾಗ ಚಾಕುವಿಗೆ ಇನ್ನೂ ಗಟ್ಟಿಯಾಗಿ ತಾಗುತ್ತಿರುವಾಗಲೇ ಸಾಸೇಜಿನ ತೊಗಲು ಉದ್ದಕ್ಕೆ ಸೀಳಿ, ಕೊಬ್ಬೆಲ್ಲ ಹೊರಗೆ ಹರಿದು, ಒಳಗಿನ ಮಾಂಸ ಪುಡಿಪುಡಿಯಾಗಿರುತ್ತದೆ. ಇದಕ್ಕೆ ಪರಿಹಾರವೆಂದು ಹೋಳುಗಳನ್ನು ಚಿಕ್ಕದಾಗಿ, ಅಂದರೆ ಒಂದೂವರೆ ಸೆಂಟಿಮೀಟರಿನಷ್ಟಕ್ಕೆ, ಹೆಚ್ಚಿಯೂ ನೋಡಿದೆ. ಸಮಯವೇನೋ ಹೊಂದಿಕೆಯಾಯಿತು, ಆದರೆ ಅಷ್ಟು ಸಣ್ಣ ಹೋಳಿನಲ್ಲಿ ಮೃದುವಾದ ಒಳಭಾಗವೇ ಉಳಿಯುವುದಿಲ್ಲ. ಅಂಚೆಲ್ಲ ಗಟ್ಟಿಯಾಗಿ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಓವನ್ನಿನ ಕಾವನ್ನು 180 ಡಿಗ್ರಿಗೆ ಇಳಿಸಿ ನಿಧಾನವಾಗಿ ಬೇಯಿಸಿದಾಗ ಸಾಸೇಜು ಸೀಳಲಿಲ್ಲ, ಆದರೆ ಎರಡರಲ್ಲಿ ಯಾವುದಕ್ಕೂ ಬಣ್ಣ ಬರಲಿಲ್ಲ. ತಟ್ಟೆಗೆ ಬಡಿಸಿದ್ದು ಆಸ್ಪತ್ರೆಯ ಊಟದಂತೆ ಕಾಣುತ್ತಿತ್ತು.

ಮೊದಲೇ ಕುದಿಸಿ ಬಸಿಯುವ ವಿಧಾನದಿಂದ ಆಲೂಗಡ್ಡೆ ಚೆನ್ನಾಗಿಯೇ ಆಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕುದಿಯುವ ನೀರಿಗೆ ಚಿಟಿಕೆ ಅಡುಗೆ ಸೋಡಾ ಬೆರೆಸಿ, ಬಸಿದ ಮೇಲೆ ಪಾತ್ರೆಯಲ್ಲೇ ನಾಲ್ಕು ಬಾರಿ ಕುಲುಕಿ ಹೋಳುಗಳ ಮೈಯನ್ನು ತರಿತರಿಯಾಗಿಸಿಕೊಂಡರೆ ಬರುವ ಗರಿಯನ್ನು ನನ್ನ ವಿಧಾನ ಪೂರ್ತಿಯಾಗಿ ಸರಿಗಟ್ಟುವುದಿಲ್ಲ. ಹತ್ತರಲ್ಲಿ ಎಂಟು ಅಂಕ ಎನ್ನಬಹುದು. ಆದರೆ ಕೆಲಸ ಮುಗಿಸಿ ಬಂದ ಸಂಜೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯಲು ಕಾಯುವುದು, ಬಸಿಯುವುದು, ಹಬೆಯಾರಿಸುವುದು, ಕೊನೆಗೆ ಆ ಪಾತ್ರೆಯನ್ನೂ ಜಾಲರಿಯನ್ನೂ ತೊಳೆಯುವುದು ಇವೆಲ್ಲ ಸೇರಿದ ಮೇಲೆ ಅದನ್ನು ಸುಲಭದ ಅಡುಗೆ ಎಂದು ಕರೆಯುವುದರಲ್ಲಿ ಅರ್ಥವಿಲ್ಲ.

ಇನ್ನು ನನ್ನ ಕ್ರಮ. ನಾಲ್ವರಿಗೆ ಸುಮಾರು ಒಂದು ಕಿಲೋ ಆಲೂಗಡ್ಡೆ, 600 ಗ್ರಾಂ ಸಾಸೇಜ್, ಎರಡು ದಪ್ಪ ಈರುಳ್ಳಿ, ಮೂರು ದೊಡ್ಡ ಚಮಚ ಎಣ್ಣೆ. ಟ್ರೇ 30ಕ್ಕೆ 40 ಸೆಂಟಿಮೀಟರಿನದಾಗಿರಬೇಕು. ಅದಕ್ಕಿಂತ ಚಿಕ್ಕದಾದರೆ ಹೋಳುಗಳು ಒಂದರ ಮೇಲೊಂದು ಕುಳಿತು ತಮ್ಮ ಹಬೆಯಲ್ಲೇ ಕೊನೆಯವರೆಗೂ ನೆನೆಯುತ್ತವೆ. ಆಲೂಗಡ್ಡೆಯನ್ನು ಮೂರು ಮೂರೂವರೆ ಸೆಂಟಿಮೀಟರಿನ ಹೋಳುಗಳಾಗಿ, ಪ್ರತಿಯೊಂದಕ್ಕೂ ಒಂದು ಅಗಲವಾದ ಚಪ್ಪಟೆ ಮುಖ ಇರುವಂತೆ ಹೆಚ್ಚಿಕೊಂಡು, ಬಟ್ಟೆಯಿಂದ ಒತ್ತಿ ಒರೆಸಿ, ಉಪ್ಪು ಮತ್ತು ಎಣ್ಣೆಯನ್ನು ಟ್ರೇಯಲ್ಲೇ ಕಲಸಿ, ಚಪ್ಪಟೆ ಮುಖಗಳನ್ನೆಲ್ಲ ಕೆಳಗೆ ಮಾಡಿ ಜೋಡಿಸುತ್ತೇನೆ. ಹೀಗೆ ಒಂದೊಂದಾಗಿ ಜೋಡಿಸುವುದಕ್ಕೆ ಮೂರು ನಿಮಿಷ ಹಿಡಿಯುತ್ತದೆ. ಅವಸರದಲ್ಲಿ ಇದನ್ನು ಬಿಟ್ಟವರು ಆಮೇಲೆ ನನ್ನ ವಿಧಾನವನ್ನು ದೂರಬಾರದು. ಫಾಯಿಲ್‌ನಿಂದ ಅಂಚನ್ನು ಬಿಗಿಯಾಗಿ ಮುಚ್ಚಿ, 220 ಡಿಗ್ರಿಗೆ ಕಾದ ಓವನ್ನಿನ ಕೆಳಗಿನ ಅಂತಸ್ತಿನಲ್ಲಿ 20 ನಿಮಿಷ ಇಡುತ್ತೇನೆ. ಫ್ಯಾನ್ ಇರುವ ಓವನ್ನಾದರೆ 200 ಡಿಗ್ರಿ ಸಾಕು.

ಮುಚ್ಚಳದ ಕೆಳಗೆ ಆಲೂಗಡ್ಡೆಯ ಸ್ವಂತ ನೀರೇ ಹಬೆಯಾಗಿ ಹೋಳನ್ನು ನಡುವಿನವರೆಗೂ ಬೇಯಿಸುತ್ತದೆ. ಹೊರಮೈಯ ಪಿಷ್ಟ ಉಬ್ಬಿ ಅಂಟಾಗುತ್ತದೆ, ಮತ್ತು ಮುಂದೆ ಒಣಗಿ ಗರಿಯಾಗುವುದು ಆ ಅಂಟಿನ ಪದರವೇ. ನಕ್ಕವರಿಗೆ ಹೊಳೆಯದೆ ಹೋದದ್ದು ಇಷ್ಟೇ. ಫಾಯಿಲ್ ತೆಗೆದ ಮೇಲೆ ಇನ್ನೂ 15 ನಿಮಿಷ ಹೋಳುಗಳನ್ನು ಮುಟ್ಟದೆ ಹಾಗೆಯೇ ಬಿಡಬೇಕು. ತೆಗೆದ ಕೂಡಲೇ ಟ್ರೇಯಿಂದ ಒದ್ದೆಯಾದ ಚೊಯ್ ಎಂಬ ಸದ್ದು ಜೋರಾಗಿ ಬರುತ್ತದೆ. ನೀರು ಆರುತ್ತ ಬಂದಂತೆ ಅದು ತಗ್ಗಿ, ಬಿಡಿಬಿಡಿಯಾದ ಚಟಪಟಕ್ಕೆ ತಿರುಗುತ್ತದೆ. ಆಗ ಒಂದು ಹೋಳಿನ ಬುಡಕ್ಕೆ ಸಟ್ಟುಗದ ಅಂಚನ್ನು ತಾಗಿಸಿ ನೋಡುತ್ತೇನೆ. ಕಂದು ಪದರ ಪೂರ್ಣವಾಗಿ ಕಟ್ಟಿದ್ದರೆ ಹೋಳು ತಾನಾಗಿ ಕಳಚಿ ಜಾರುತ್ತದೆ. ಇನ್ನೂ ಅಂಟಿಕೊಂಡಿದ್ದರೆ ಬಲವಂತ ಮಾಡದೆ ಮೂರು ನಾಲ್ಕು ನಿಮಿಷ ಕಾಯುತ್ತೇನೆ. ಬಲವಂತವಾಗಿ ಕಿತ್ತರೆ ಅಷ್ಟು ಹೊತ್ತು ಕಾದು ಗಳಿಸಿದ ಗರಿಯೆಲ್ಲ ಟ್ರೇಗೆ ಅಂಟಿಕೊಂಡು ಉಳಿಯುತ್ತದೆ.

ಹೋಳುಗಳನ್ನು ಮಗುಚಿ ಬದಿಗೆ ಸರಿಸಿ, ಆಗಷ್ಟೇ ಸಾಸೇಜನ್ನು ಟ್ರೇಗೆ ಇಳಿಸುತ್ತೇನೆ. ಬೇರು ತೆಗೆಯದೆ ದಪ್ಪ ಸೀಳುಗಳಾಗಿ ಕತ್ತರಿಸಿದ ಈರುಳ್ಳಿ ಮತ್ತು ಸಿಪ್ಪೆ ಸುಲಿಯದ ಬೆಳ್ಳುಳ್ಳಿ ಎಸಳುಗಳೂ ಇದೇ ಹೊತ್ತಿಗೆ ಸೇರುತ್ತವೆ; ಸುಲಿದ ಬೆಳ್ಳುಳ್ಳಿ ಈ ಕಾವಿನಲ್ಲಿ ಕರಿದಾಗಿ ಕಹಿಯಾಗುತ್ತದೆ. ಮುಂದಿನದು 25 ನಿಮಿಷ, ನಡುವೆ ಒಮ್ಮೆ ಸಾಸೇಜನ್ನು ತಿರುಗಿಸಬೇಕು. ಈ ಹೊತ್ತಿನಲ್ಲಿ ಸಾಸೇಜಿನಿಂದ ಇಳಿಯುವ ಕೊಬ್ಬು ಆಲೂಗಡ್ಡೆಯ ಎರಡನೆಯ ಮುಖವನ್ನು ಹುರಿಯುತ್ತದೆ, ಆದ್ದರಿಂದ ಮತ್ತೆ ಎಣ್ಣೆ ಸುರಿಯುವ ಅಗತ್ಯವಿಲ್ಲ. ಕೋಳಿಮಾಂಸದ ಸಾಸೇಜಿನಲ್ಲಿ ಕೊಬ್ಬು ಕಡಿಮೆಯಿದ್ದರೆ ಒಂದು ಚಮಚ ಎಣ್ಣೆಯನ್ನು ಸೇರಿಸಿಕೊಳ್ಳಬೇಕು. ಮೊದಲೇ ಬೇಯಿಸಿ ಹೊಗೆಯಾಡಿಸಿದ ಸಾಸೇಜಾದರೆ 12ರಿಂದ 15 ನಿಮಿಷಕ್ಕೆ ಬಣ್ಣ ಬಂದುಬಿಡುತ್ತದೆ. ಅದನ್ನು ಅಷ್ಟೇ ತಡವಾಗಿ ಹಾಕಬೇಕು.

ಸಾಸೇಜಿಗೆ ಫೋರ್ಕಿನಿಂದ ಚುಚ್ಚಬೇಕೆಂಬ ಹಳೆಯ ಸಲಹೆಯನ್ನು ನಾನು ಪೂರ್ತಿಯಾಗಿ ಕೈಬಿಟ್ಟಿದ್ದೇನೆ. ಒಂದೇ ಟ್ರೇಯ ಒಂದು ಬದಿಯಲ್ಲಿ ಚುಚ್ಚಿದವನ್ನೂ ಇನ್ನೊಂದು ಬದಿಯಲ್ಲಿ ಚುಚ್ಚದವನ್ನೂ ಇಟ್ಟು ಬೇಯಿಸಿ ನೋಡಿದಾಗ, ಚುಚ್ಚಿದವುಗಳ ರಸ ಟ್ರೇಯಲ್ಲಿ ಬೂದುಬಣ್ಣದ ನೊರೆಯಾಗಿ ಹೆಪ್ಪುಗಟ್ಟಿತ್ತು, ಮತ್ತು ಅವು ಕಣ್ಣಿಗೆ ಕಾಣುವಷ್ಟು ಸೊರಗಿದ್ದವು. ತೊಗಲು ಸೀಳದಂತೆ ಕಾಯಲು ಮೈಯನ್ನು ಒಣಗಿಸಿ ಎಣ್ಣೆ ಸವರುವುದು ಸಾಕು. ಜೋಡಿ ಸಾಸೇಜುಗಳನ್ನು ಬೇರ್ಪಡಿಸುವಾಗ ತಿರುಚಿದ ಗಂಟಿನ ನಟ್ಟನಡುವೆ ಕತ್ತರಿಸಬೇಕು. ಗಂಟು ಬಿಚ್ಚಿದರೆ ಮಾಂಸ ತುದಿಯಿಂದ ಉಕ್ಕಿ ಬರುತ್ತದೆ. ಕರುಳಿನ ತೊಗಲಿನವು ಕೊಲಾಜನ್ ಎಂಬ ಪ್ರಾಣಿಜನ್ಯ ಪ್ರೋಟೀನಿನಿಂದ ತಯಾರಿಸಿದ ಹೊದಿಕೆಯವುಗಳಿಗಿಂತ ಈ ಕಾವನ್ನು ಚೆನ್ನಾಗಿ ತಾಳಿಕೊಳ್ಳುತ್ತವೆ ಎಂಬುದು ನನ್ನ ಅನುಭವ. ಬೆಂದಿದೆಯೇ ಎಂಬುದನ್ನು ಬಣ್ಣ ನೋಡಿ ನಿರ್ಧರಿಸುವುದು ಅಪಾಯ. ಥರ್ಮಾಮೀಟರಿನ ಮೊನೆಯನ್ನು ಸಾಸೇಜಿನ ತುದಿಯಿಂದ ಉದ್ದಕ್ಕೆ ಒಳಗಿಳಿಸಿದರೆ ಪಕ್ಕದ ತೊಗಲಿಗೆ ತೂತು ಬೀಳುವುದಿಲ್ಲ. ಹಂದಿ ಅಥವಾ ದನದ ಮಾಂಸದ್ದಾದರೆ 71 ಡಿಗ್ರಿ, ಕೋಳಿಯದ್ದಾದರೆ 74 ಡಿಗ್ರಿ ತೋರಿಸಿದಾಗ ಹೊರಗೆ ತೆಗೆಯುತ್ತೇನೆ.

ಆಲೂಗಡ್ಡೆಯ ಆಯ್ಕೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಿಟ್ಟುಹಿಟ್ಟಾಗಿ ಬೇಯುವ ತಳಿ ಬೇಕು. ಬೆಂದರೂ ಮೇಣದಂತೆ ಬಿಗಿಯಾಗಿ ಉಳಿಯುವ ತಳಿ ಸಲಾಡಿಗೆ ಸರಿ, ಇದಕ್ಕಲ್ಲ. ಆದರೆ ಫ್ರಿಜ್ಜಿನಲ್ಲಿ ವಾರಗಟ್ಟಲೆ ಇಟ್ಟ ಆಲೂಗಡ್ಡೆಯನ್ನು ಮಾತ್ರ ಬಳಸಬಾರದು. ಚಳಿಯಲ್ಲಿ ಅದರ ಪಿಷ್ಟ ಸಕ್ಕರೆಯಾಗಿ ಬದಲಾಗುವುದರಿಂದ ಒಳಗೆ ಬೇಯುವ ಮೊದಲೇ ಹೊರಗೆ ಕಡುಕಂದಾಗುತ್ತದೆ. ಪಿಷ್ಟವಿರುವ ಪದಾರ್ಥಗಳನ್ನು ಹೆಚ್ಚಿನ ಕಾವಿನಲ್ಲಿ ಕರಿದಾಗ, ಹುರಿದಾಗ ಕ್ಯಾನ್ಸರ್ ತರಬಹುದೆಂಬ ಶಂಕೆಯಿರುವ ಅಕ್ರಿಲಮೈಡ್ ಎಂಬ ರಾಸಾಯನಿಕ ಉಂಟಾಗುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಮೇಲೆ, ಹೊಂಬಣ್ಣಕ್ಕೆ ನಿಲ್ಲಿಸಬೇಕೆಂಬ ಸಲಹೆ ಎಲ್ಲೆಡೆ ಕೇಳಿಬರುತ್ತಿದೆ. ಫ್ರಿಜ್ಜಿನ ಆಲೂಗಡ್ಡೆಯಲ್ಲಿ ಹೊಂಬಣ್ಣಕ್ಕೆ ನಿಲ್ಲಿಸಿದರೆ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ.

ಖರ್ಚಿನ ವಿಚಾರಕ್ಕೆ ಬಂದರೆ, ಈ ಊಟದ ಒಟ್ಟು ವೆಚ್ಚದಲ್ಲಿ ಮುಕ್ಕಾಲು ಪಾಲು ಸಾಸೇಜಿನದೇ. ಹಾಗಾಗಿ ತಲೆಗೆ 150 ಗ್ರಾಂ ಸಾಸೇಜಿಗೆ ನಿಲ್ಲಿಸಿ, ಉಳಿದ ಹಸಿವನ್ನು ಆಲೂಗಡ್ಡೆಯಿಂದ ತುಂಬಿಸುವುದು ನನ್ನ ಲೆಕ್ಕಾಚಾರ; ಕೊಬ್ಬು ಆಲೂಗಡ್ಡೆಗೆ ಇಳಿದಿರುವುದರಿಂದ ಮಾಂಸ ಕಡಿಮೆಯಾಯಿತೆಂದು ಈವರೆಗೆ ಯಾರೂ ಗೊಣಗಿಲ್ಲ. ಅಗ್ಗದ ಸಾಸೇಜಿನಿಂದ ಉಳಿತಾಯವಾಗುತ್ತದೆಂದು ಎಣಿಸುವುದು ಭ್ರಮೆ, ಏಕೆಂದರೆ ನೀರು ಮತ್ತು ರಸ್ಕ್ ತುಂಬಿದ ಸಾಸೇಜು ಟ್ರೇಯಲ್ಲಿ ಸುಮಾರು ಕಾಲು ಭಾಗ ಕುಗ್ಗುತ್ತದೆ, ಜೊತೆಗೆ ಆ ನೀರು ಆಲೂಗಡ್ಡೆಯ ಗರಿಯನ್ನೂ ಹಾಳುಮಾಡುತ್ತದೆ. ಉಪಕರಣಗಳಲ್ಲಿ ಹೆಚ್ಚು ದುಡ್ಡು ಪೋಲಾದದ್ದು ನಾನ್‌ಸ್ಟಿಕ್ ಟ್ರೇಗಳ ಮೇಲೆ. ಒಂದು ವರ್ಷದೊಳಗೆ ಎರಡರ ಲೇಪನ ಸಟ್ಟುಗದ ಕೆಳಗೆ ಎದ್ದು ಬಂತು. ಎರಡಕ್ಕೂ ತೆತ್ತ ಹಣದಲ್ಲಿ ಹತ್ತು ಹನ್ನೆರಡು ಊಟಗಳ ಸಾಸೇಜ್ ಬರುತ್ತಿತ್ತು. ಗಾಜಿನ ಟ್ರೇ ನಿಧಾನವಾಗಿ ಕಾಯುತ್ತದೆ, ತಳದಲ್ಲಿ ಬಣ್ಣ ತಡವಾಗಿ ಬರುತ್ತದೆ. ತೆಳು ಟ್ರೇ 220 ಡಿಗ್ರಿಯಲ್ಲಿ ಡಬ್ ಎಂದು ಸೊಟ್ಟಗಾಗಿ ಎಣ್ಣೆಯೆಲ್ಲ ಒಂದು ಮೂಲೆಗೆ ಹರಿಯುತ್ತದೆ. ಈಗಿರುವುದು ಲೇಪನವಿಲ್ಲದ ದಪ್ಪ ಅಲ್ಯೂಮಿನಿಯಂ ಟ್ರೇ. ಇಡೀ ಪ್ರಯೋಗದಲ್ಲಿ ದುಡ್ಡಿಗೆ ತಕ್ಕ ಪ್ರತಿಫಲ ಕೊಟ್ಟದ್ದು ಓವನ್ನಿನೊಳಗೆ ಇಡುವ ಚಿಕ್ಕ ಥರ್ಮಾಮೀಟರ್; ನನ್ನ ಓವನ್ನಿನ ಗುಂಡಿ ತೋರಿಸುವುದಕ್ಕಿಂತ ಒಳಗಿನ ಕಾವು ಹದಿನೈದು ಇಪ್ಪತ್ತು ಡಿಗ್ರಿ ಕಡಿಮೆಯಿದೆಯೆಂದು ಅದರಿಂದಲೇ ತಿಳಿಯಿತು. ಕಾಯಿಸುವ ಹೊತ್ತೂ ಸೇರಿ ಒಂದು ಊಟಕ್ಕೆ ಹೆಚ್ಚೂ ಕಡಿಮೆ ಒಂದೂವರೆ ಯೂನಿಟ್ ವಿದ್ಯುತ್ ಖರ್ಚಾಗುತ್ತದೆ.

ಇದರ ನಡುವೆ ಅಡ್ಡದಾರಿಯ ಪ್ರಯೋಗಗಳೂ ನಡೆದವು. ನಿಂಬೆರಸವನ್ನು ಮೊದಲೇ ಕಲಸಿ ಮುಚ್ಚಿದಾಗ ಹೋಳುಗಳು 20 ನಿಮಿಷದಲ್ಲಿ ಬೇಯಲೇ ಇಲ್ಲ. ಹುಳಿ ಆಲೂಗಡ್ಡೆಯನ್ನು ಬಿಗಿಯಾಗಿ ಹಿಡಿದಿಡುತ್ತದೆ, ಆದ್ದರಿಂದ ವಿನೆಗರ್ ಆಗಲಿ ನಿಂಬೆಯಾಗಲಿ ಓವನ್ನಿನಿಂದ ಹೊರಗೆ ಬಂದ ಮೇಲೆಯೇ. ಸೋಡಾವನ್ನು ಒಣದಾಗಿ ಉದುರಿಸಿ ನೋಡಿದ್ದರ ಫಲ ಸಾಬೂನಿನ ರುಚಿ. ಟೊಮೇಟೊ ಮತ್ತು ಎಲೆಕೋಸು ಟ್ರೇಯನ್ನೆಲ್ಲ ನೀರು ಮಾಡಿದವು. ಸೇಬಿನ ಸೀಳುಗಳು ಮಾತ್ರ ಅಚ್ಚರಿಯಾಗುವಂತೆ ಹೊಂದಿದವು, ಕೊನೆಯ 15 ನಿಮಿಷಕ್ಕೆ ಹಾಕಿದರೆ ಹಂದಿಮಾಂಸದ ಸಾಸೇಜಿಗೆ ಅದಕ್ಕಿಂತ ಒಳ್ಳೆಯ ಜೊತೆ ನಾನು ಕಂಡಿಲ್ಲ. ಕೊನೆಯ ಐದು ನಿಮಿಷದಲ್ಲಿ ಸಾಸೇಜಿನ ಮೇಲೆ ಬ್ರಷ್ಷಿನಿಂದ ಒಂದು ವಸ್ತುವನ್ನು ಸವರುತ್ತೇನೆ. ಅದರಲ್ಲಿ ಸಿಹಿಯಿದೆ ಎಂಬುದಷ್ಟನ್ನು ಹೇಳಬಲ್ಲೆ. ಆಲೂಗಡ್ಡೆಗೆ ಉಪ್ಪಿನೊಂದಿಗೆ ಬೀಳುವ ಪುಡಿಯ ಪಾಕವೂ ಸದ್ಯಕ್ಕೆ ನನ್ನಲ್ಲೇ ಇರಲಿ.

ಸಾಸೇಜನ್ನೂ ಹೋಳುಗಳನ್ನೂ ತಟ್ಟೆಗೆ ತೆಗೆದ ಮೇಲೆ ಬಿಸಿ ಟ್ರೇಗೆ ಅರ್ಧ ಲೋಟ ಕುದಿಯುವ ನೀರು ಸುರಿದು, ತಳಕ್ಕೆ ಹಿಡಿದ ಕಂದು ಚೂರುಗಳನ್ನು ಮರದ ಸಟ್ಟುಗದಿಂದ ಕೆರೆದು, ಒಂದು ಚಮಚ ಸಾಸಿವೆ ಪೇಸ್ಟ್ ಮತ್ತು ಕೆಲವು ಹನಿ ವಿನೆಗರ್ ಕಲಸಿದರೆ ಎರಡು ನಿಮಿಷದಲ್ಲಿ ತೆಳ್ಳನೆಯ ಗ್ರೇವಿ ಸಿದ್ಧವಾಗುತ್ತದೆ. ಸಾಸಿವೆಯನ್ನು ಮೊದಲೇ ಓವನ್ನಿಗೆ ಹಾಕಿದರೆ ಅದರ ಖಾರವೆಲ್ಲ ಕಾವಿಗೆ ಹಾರಿಹೋಗುತ್ತದೆ. ಗ್ರೇವಿಯನ್ನು ಸಾಸೇಜಿನ ಮೇಲೆ ಹಾಕಿಕೊಳ್ಳಬೇಕು, ಆಲೂಗಡ್ಡೆಯ ಮೇಲಲ್ಲ. ಕೆರೆದು ತೆಗೆದ ಟ್ರೇಗೆ ಆಮೇಲೆ ಹೆಚ್ಚು ಉಜ್ಜುವ ಕೆಲಸವೂ ಉಳಿದಿರುವುದಿಲ್ಲ. ಮಿಕ್ಕಿದ್ದನ್ನು ಮರುದಿನ ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಹೋಳುಗಳು ಮೆತ್ತಗಾಗುತ್ತವೆ. ದಪ್ಪ ತಳದ ಬಾಣಲೆಯಲ್ಲಿ, ಮುಚ್ಚಳ ಹಾಕದೆ, ಮಧ್ಯಮ ಉರಿಯಲ್ಲಿ ಏಳೆಂಟು ನಿಮಿಷ ಇಟ್ಟರೆ ಗರಿ ಬಹುಮಟ್ಟಿಗೆ ಮರಳುತ್ತದೆ, ಸಾಸೇಜನ್ನು ಬಿಲ್ಲೆಗಳಾಗಿ ಕತ್ತರಿಸಿ ಕೊನೆಯ ಮೂರು ನಿಮಿಷಕ್ಕೆ ಸೇರಿಸಿದರೆ ಸಾಕು.