ಗಿಡ ನೆಡದೆ ಬನ ಬೆಳೆಸಿದ್ದು: ನನ್ನ ಅನುಭವ

ನಮ್ಮೂರ ದೇವರ ಬನದಲ್ಲಿ ಹಬ್ಬಿದ ಲಂಟಾನ ಎಂಬ ಕಳೆ ಪೊದೆ ಕಿತ್ತರೆ ಸಾಕು, ಒಳಗೆ ಒಂದು ಗಿಡವನ್ನೂ ನೆಡೋದು ಬೇಡ ಅಂತ ನಾನು ಹೇಳಿದಾಗ ನಕ್ಕವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ಫೋನ್ ಮಾಡಿ "ಹೇಗೆ ಮಾಡಿದ್ರಿ, ಸ್ವಲ್ಪ ಹೇಳಿ" ಅನ್ನುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ದೇವರ ಕಾಡು ಯಾಕೆ ಬೇಕು, ಲಂಟಾನ ಎಲ್ಲಿಂದ ಬಂತು ಎಂಬುದೆಲ್ಲ ಈ ಕೆಲಸದಲ್ಲಿರುವವರಿಗೆ ಗೊತ್ತೇ ಇದೆ. ಅದನ್ನು ಬಿಟ್ಟು ಮುಂದೆ ಹೋಗ್ತೀನಿ.

ನಮ್ಮದು ಸೊರಬ ಸೀಮೆ. 1868ರಲ್ಲಿ ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಈ ತಾಲೂಕಿನ ಕಾನುಗಳ, ಅಂದರೆ ಊರವರು ಕಾಪಾಡಿಕೊಂಡು ಬಂದ ನಿತ್ಯಹಸಿರು ಕಾಡುಗಳ, ಬಗ್ಗೆ ವರದಿ ಬರೆದಾಗ ಲೆಕ್ಕಕ್ಕೆ ಸಿಕ್ಕಿದ್ದು 171 ಕಾನು. ನಮ್ಮೂರಿನ ಪಾಲಿಗೆ ಈಗ ಉಳಿದಿರುವುದು ಚೌಡಮ್ಮನ ಬನ ಒಂದೇ. ಮೂರು, ಮೂರೂವರೆ ಎಕರೆ ಇರಬಹುದು. ಸರಿಯಾಗಿ ಅಳತೆ ಮಾಡಿಸೋಕೆ ಹೋದರೆ ಅಕ್ಕಪಕ್ಕದ ತೋಟದವರ ಜೊತೆ ಜಗಳ, ಹಾಗಾಗಿ ಮಾಡಿಸಿಲ್ಲ.

ನಾನು ಬೆಂಗಳೂರು ಬಿಟ್ಟು ಊರಿಗೆ ಬಂದಾಗ, 2016ರ ಸುಮಾರಿಗೆ, ಬನದೊಳಗೆ ಕಾಲಿಡೋಕೆ ಆಗುತ್ತಿರಲಿಲ್ಲ. ಚೌಡಮ್ಮನ ಕಲ್ಲಿನ ತನಕ ಒಂದು ಸಣ್ಣ ದಾರಿ. ಉಳಿದದ್ದೆಲ್ಲ ತಲೆಯೆತ್ತರದ ಲಂಟಾನ. ಮೇಲೆ ಮಾತ್ರ ಹಳೇ ಮರಗಳು: ರಂಜ, ಹೊನ್ನೆ, ನಂದಿ, ಮತ್ತಿ, ನಡುವೆ ಎರಡು ದೊಡ್ಡ ಬಸರಿ. ಕೆಳಗೆ ಒಂದೇ ಒಂದು ಸಸಿ ಇಲ್ಲ. ಈ ಮರಗಳು ಬಿದ್ದರೆ ಬನ ಮುಗೀತು ಅನ್ನೋ ಹಾಗಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆವು. ಲಂಟಾನ ಸವರಿಸಿ, ಗುಂಡಿ ತೋಡಿ, ವನಮಹೋತ್ಸವ. ಒಂದು ಕಂಪನಿಯವರು ಬ್ಯಾನರ್ ಸಮೇತ ಬಂದರು. ಐನೂರು ಆರುನೂರು ಸಸಿ ತಂದಿದ್ದರು, ಅದರಲ್ಲಿ ಮುಕ್ಕಾಲು ಭಾಗ ಮಹಾಗನಿ. ಚೌಡಮ್ಮನ ಬನದಲ್ಲಿ ಪರದೇಶದ ಮಹಾಗನಿ! ಫೋಟೋ ಆಯಿತು, ಊಟ ಆಯಿತು, ಹೋದರು. ಊಟದ ಖರ್ಚು ನಮ್ಮದು, ಹನ್ನೆರಡು ಸಾವಿರ ದಾಟಿತ್ತು. ದೀಪಾವಳಿ ಹೊತ್ತಿಗೆ ಲಂಟಾನ ಮತ್ತೆ ಸೊಂಟದೆತ್ತರ. ಬುಡದಿಂದ ಒಂದರ ಬದಲು ಆರು ಚಿಗುರು. ಸಸಿಗಳು ಎಲ್ಲಿವೆ ಅಂತ ಹುಡುಕೋಕೂ ಆಗಲಿಲ್ಲ. ಮುಂದಿನ ವರ್ಷ ಜೆಸಿಬಿ ತರೋಣ ಅಂದರು ಕೆಲವರು. ಗಂಟೆಗೆ ಸಾವಿರದ ಮೇಲೆ, ಜೊತೆಗೆ ಹಳೇ ಮರಗಳ ಬೇರೆಲ್ಲ ಕಿತ್ತು ಹೋಗುತ್ತೆ. ನಾನು ಒಪ್ಪಲಿಲ್ಲ.

ಆಗಲೇ ಇನ್ನೊಂದು ಗಲಾಟೆ ಶುರುವಾಯಿತು. ಊರಿನ ಹುಡುಗರಿಗೆ ಬನದಲ್ಲಿ ಆರ್‌ಸಿಸಿ ಗುಡಿ ಆಗಬೇಕು, ಸುತ್ತ ಇಂಟರ್‌ಲಾಕ್ ಹಾಸಬೇಕು. ಅದಕ್ಕೆ ನಾಲ್ಕೈದು ಮರ ಅಡ್ಡ. ಕರಾವಳಿಯಲ್ಲಿ ಎಷ್ಟೋ ನಾಗಬನಗಳು ಹೀಗೇ ಕಾಂಕ್ರೀಟ್ ಕಟ್ಟೆ ಆಗಿವೆ, ನೋಡಿದ್ದೀರಲ್ಲ. ನಾನು ಮನವಿ ಬರೆದೆ, ಪಂಚಾಯಿತಿಗೆ ಅಲೆದೆ, ಸಭೆಯಲ್ಲಿ ಕೂಗಾಡಿದೆ. ರಾತ್ರಿ ಮೂರು ಗಂಟೆಗೆ ಎಚ್ಚರ ಆದರೆ ಮನಸ್ಸಿನಲ್ಲೇ ಮನವಿ ಬರೆಯುತ್ತಾ ಮಲಗಿರುತ್ತಿದ್ದೆ. ಇದರ ನಡುವೆ ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೂ ಹೋಗಿ ಬಂದಿದ್ದೆ. ಅಲ್ಲಿ ಕೂತಾಗಲೂ ಉಸಿರಿಗಿಂತ ಜಾಸ್ತಿ ಕಾಣಿಸಿದ್ದು ಊರಿನ ಅಧ್ಯಕ್ಷರ ಮುಖ.

ದಾರಿ ತೋರಿಸಿದ್ದು ಬನದ ಪೂಜಾರಿ ಅಜ್ಜ. "ನೀನು ಪೇಪರ್ ಹಿಡ್ಕೊಂಡು ಓಡಾಡಿದ್ರೆ ಯಾರು ಕೇಳ್ತಾರೆ ಮಾರಾಯ? ಜಾಗ ಅವಳದ್ದು. ಅವಳನ್ನೇ ಕೇಳು" ಅಂದರು. ನಾನು ದೇವರನ್ನು ನಂಬುವ ಪೈಕಿ ಅಲ್ಲ. ಆದರೂ ಹೂ ಕೇಳಿಸೋಣ ಅಂದೆ. ದೇವರ ಕಲ್ಲಿಗೆ ಹೂ ಅಂಟಿಸಿ ಪ್ರಶ್ನೆ ಕೇಳೋದು, ಬಲಗಡೆ ಹೂ ಬಿದ್ದರೆ ಒಪ್ಪಿಗೆ.

ಒಂದು ಅಮಾವಾಸ್ಯೆ ಬೆಳಿಗ್ಗೆ ಊರವರೆಲ್ಲ ಸೇರಿದರು. ಅಜ್ಜ ಕಲ್ಲಿಗೆ ನೀರು ಸುರಿದು, ಎರಡೂ ಬದಿಗೆ ಒದ್ದೆ ಹೂ ಅಂಟಿಸಿದರು. ಮೊದಲ ಪ್ರಶ್ನೆ, ಗುಡಿ ಕಟ್ಟಬಹುದಾ? ಹೂ ಅಲ್ಲಾಡಲಿಲ್ಲ. ಕಾದೆವು, ಕಾದೆವು. ಅರ್ಧ ಗಂಟೆ ಆದರೂ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ಹುಡುಗರಲ್ಲಿ ಒಬ್ಬ ಮೊಬೈಲ್ ತೆಗೆದ, ಅವನ ತಾಯಿ ಕಣ್ಣಲ್ಲೇ ಗದರಿದರು. ಅಜ್ಜ ಹೂ ತೆಗೆದು ಹೊಸದು ಅಂಟಿಸಿದರು. ಎರಡನೇ ಪ್ರಶ್ನೆ, ಪಿಕಾಸಿ ತಂದು ಲಂಟಾನ ಕೀಳಬಹುದಾ? ನಮ್ಮ ಬನಕ್ಕೆ ಅವಳನ್ನು ಕೇಳದೆ ಕಬ್ಬಿಣ ತರೋ ಹಾಗಿಲ್ಲ, ಅದಕ್ಕೇ ಈ ಪ್ರಶ್ನೆ. ಅಜ್ಜ ಕೈ ಮುಗಿದು ನಿಂತ ಸ್ವಲ್ಪ ಹೊತ್ತಿಗೇ ಬಲಗಡೆ ಹೂ ಜಾರಿತು. ಯಾವ ಹೂ, ಎಷ್ಟು ಹೊತ್ತಿಗೆ ಕೇಳಿದ್ದು ಎಂಬುದು ನನಗೂ ಅಜ್ಜನಿಗೂ ಬಿಟ್ಟ ವಿಷಯ. ಬರೆಯಲ್ಲ. ಆದರೆ ನನ್ನ ಮೈ ಜುಂ ಅಂದದ್ದು ನಿಜ.

ಅಲ್ಲಿಂದ ಹರಕೆ ಪದ್ಧತಿ ಶುರುವಾಯಿತು. ಒಂದು ಹರಕೆಗೆ ಒಂದು ಗುಂಟೆ. ಹರಕೆ ಹೊತ್ತ ಮನೆಯವರು ಆ ಗುಂಟೆಯ ಲಂಟಾನ ಬುಡ ಸಮೇತ ತೆಗೆದು, ಮೂರು ಮಳೆಗಾಲ ಅದನ್ನು ಕಾಯಬೇಕು. ಬರೋಕೆ ಆಗದವರು ಆರುನೂರು ರೂಪಾಯಿ ಕೊಡಬೇಕು, ಆಳಿನಿಂದ ಮಾಡಿಸುತ್ತೇವೆ. ಮಗಳ ಮದುವೆ, ಹಸು ಗಬ್ಬ ಕಟ್ಟಲಿ, ಕೋರ್ಟ್ ಕೇಸು, ಪಿಯುಸಿ ರಿಸಲ್ಟ್, ಎಲ್ಲದಕ್ಕೂ ಹರಕೆ ಬಂತು. ಪರಿಸರದ ಗೆಳೆಯರು ಬೈದರು. "ಮೂಢನಂಬಿಕೆ ಬೆಳೆಸ್ತೀಯಾ?" ಅಂದರು. ಐದಾರು ವರ್ಷ ಭಾಷಣ ಮಾಡಿದರೂ ಒಬ್ಬರೂ ಪಿಕಾಸಿ ಹಿಡಿದಿರಲಿಲ್ಲ. ಹರಕೆ ಅಂದಮೇಲೆ ಎರಡು ವರ್ಷದಲ್ಲಿ ನೂರರ ಹತ್ತಿರ ಗುಂಟೆ ಆಯಿತು. ನೀವೇ ಹೇಳಿ.

ಈಗ ಕೆಲಸದ ವಿಷಯ. ಲಂಟಾನವನ್ನು ನೆಲದ ಮೇಲೆ ಸವರಿದರೆ ದುಡ್ಡು ದಂಡ. ಬುಡದ ಮಣ್ಣು ಬಿಡಿಸಿ ನೋಡಿ, ಕಾಂಡ ಮತ್ತು ಬೇರು ಸೇರುವ ಕಡೆ ಒಂದು ಗಂಟು ಇರುತ್ತೆ. ಚಿಗುರೆಲ್ಲ ಹೊರಡೋದು ಅಲ್ಲಿಂದ. ಅದರ ಕೆಳಗೆ, ಅಂದರೆ ಮಣ್ಣಿನೊಳಗೆ ಎರಡು ಮೂರು ಬೆರಳು ಆಳದಲ್ಲಿ, ತಾಯಿಬೇರನ್ನು ಕಡಿಯಬೇಕು. ಕೆಳಗೆ ಉಳಿದ ಬೇರು ಚಿಗುರಲ್ಲ. ಇಡೀ ಪೊದೆಯನ್ನು ಎತ್ತಿ ಬುಡ ಮೇಲಾಗಿ ಅಲ್ಲೇ ಮಗುಚಿ ಹಾಕಬೇಕು, ಒಣಗಿ ಗೊಬ್ಬರ ಆಗುತ್ತೆ. ಈ ವಿಧಾನ ನನ್ನದಲ್ಲ, ದೆಹಲಿಯ ಪ್ರೊಫೆಸರ್ ಸಿ.ಆರ್. ಬಾಬು ಅವರ ತಂಡದ್ದು. ಸುಡುವುದೂ ಇಲ್ಲ, ಔಷಧಿ ಹೊಡೆಯುವುದೂ ಇಲ್ಲ.

ನಾನು ಸೇರಿಸಿದ್ದು ಎರಡು ವಿಷಯ. ಒಂದು, ಹೊರ ಅಂಚಿನಲ್ಲಿ ಆರೇಳು ಅಡಿ ಅಗಲದ ಲಂಟಾನ ಹಾಗೇ ಬಿಟ್ಟೆ. ದನ ಒಳಗೆ ಬರದ ಹಾಗೆ ತಡೆಯುತ್ತಿದ್ದದ್ದು ಅದೇ ಅಲ್ವಾ? ತಂತಿ ಬೇಲಿಗೆ ಲಕ್ಷ ಹೇಳಿದ್ದರು, ಆ ಲಕ್ಷ ಉಳಿಯಿತು. ಒಳಗಿನ ಸಸಿಗಳು ದನದ ಬಾಯಿಗೆ ಎಟುಕದಷ್ಟು ಎತ್ತರ ಆದಮೇಲೆ ಅಂಚನ್ನು ಕಿತ್ತೆವು. ಇನ್ನೊಂದು, ದೊಡ್ಡ ಮರದ ಬುಡದಿಂದ ಶುರು ಮಾಡಿ ಹೊರಗೆ ಹೋದೆವು. ಬಯಲಿಂದ ಶುರು ಮಾಡಿದ ಒಂದು ಮೂಲೆಯಲ್ಲಿ ಬಿಸಿಲು ಬಿದ್ದು ಕಮ್ಯುನಿಸ್ಟ್ ಗಿಡ ಎಂಬ ಇನ್ನೊಂದು ಕಳೆ ತುಂಬಿಕೊಂಡು, ಲಂಟಾನವೇ ವಾಸಿ ಅನ್ನಿಸಿಬಿಟ್ಟಿತ್ತು. ಮರದಡಿ ಇನ್ನೊಂದು ತೊಂದರೆ ಇದೆ. ಪಿಕಳಾರ ಹಕ್ಕಿಗಳು ಲಂಟಾನದ ಹಣ್ಣು ತಿಂದು ಅಲ್ಲೇ ಕೂತು ಬೀಜ ಉದುರಿಸುತ್ತವೆ. ಹಾಗಾಗಿ ಎರಡನೇ, ಮೂರನೇ ಮಳೆಗೆ ಕೊಂಬೆಗಳ ಅಡಿ ಕೂತು ಲಂಟಾನದ ಸಣ್ಣ ಸಸಿ ಕೀಳಲೇಬೇಕು. ಇದನ್ನು ಬಿಟ್ಟರೆ ಮೊದಲ ವರ್ಷದ ದುಡ್ಡೆಲ್ಲ ನೀರಿಗೆ ಹಾಕಿದ ಹಾಗೆ.

ಕೆಲಸ ಮಳೆಗಾಲದಲ್ಲೇ. ಮಣ್ಣು ಮೆತ್ತಗಿರುತ್ತೆ ಎಂಬುದು ಒಂದು ಕಾರಣ. ದೊಡ್ಡ ಕಾರಣ ಉಣುಗು, ಅಂದರೆ ಮಂಗನ ಕಾಯಿಲೆ ಹರಡುವ ಉಣ್ಣೆ. ಆ ಕಾಯಿಲೆಗೆ ಇಂಗ್ಲಿಷ್ ಹೆಸರು ಬಂದದ್ದೇ ನಮ್ಮ ತಾಲೂಕಿನ ಕ್ಯಾಸನೂರು ಕಾಡಿನಿಂದ, 1957ರಲ್ಲಿ. 2019ರಲ್ಲಿ ಸಾಗರದ ಕಡೆ ಜನ ಸತ್ತಮೇಲೆ ಚಳಿಗಾಲ, ಬೇಸಿಗೆಯಲ್ಲಿ ಯಾರನ್ನೂ ಬನಕ್ಕೆ ಕರೆಯೋ ಹಾಗೇ ಇರಲಿಲ್ಲ. ಮಳೆಯಲ್ಲಿ ಇಂಬಳ (ಜಿಗಣೆ) ಕಚ್ಚುತ್ತೆ, ಅಷ್ಟೇ ತಾನೇ. ಸುಣ್ಣ, ಹೊಗೆಸೊಪ್ಪು ಇಟ್ಟುಕೊಂಡರೆ ಆಯಿತು.

ಖರ್ಚು ನೆನಪಿದ್ದಷ್ಟು ಹೇಳ್ತೀನಿ. ಮೊದಲ ವರ್ಷ ಅರವತ್ತು ಸಾವಿರದ ಆಸುಪಾಸು, ಎಲ್ಲಾ ಆಳಿನ ಕೂಲಿ ಮತ್ತು ಊಟ. ಗಂಡಾಳಿಗೆ ಆಗ ನಾನೂರು, ಹೆಣ್ಣಾಳಿಗೆ ಇನ್ನೂರೈವತ್ತು ಇತ್ತು. ಈ ಕೆಲಸದಲ್ಲಿ ಹೆಂಗಸರದ್ದೇ ಕೈ ಚುರುಕು, ಹಾಗಾಗಿ ನಾನು ಇಬ್ಬರಿಗೂ ಒಂದೇ ಕೂಲಿ ಕೊಟ್ಟೆ. ಅದಕ್ಕೆ ತೋಟದ ಮಾಲೀಕರು ಈಗಲೂ ನನ್ನ ಮೇಲೆ ಸಿಟ್ಟು. ಎರಡನೇ ವರ್ಷ ಇಪ್ಪತ್ತು ಸಾವಿರ, ಮೂರನೇ ವರ್ಷ ಏಳೆಂಟು. ಅರ್ಧದಷ್ಟು ಹರಕೆಯಿಂದ ಬಂತು, ಉಳಿದದ್ದು ನನ್ನ ಅಡಿಕೆ ದುಡ್ಡು. ಮನೆಯಲ್ಲಿ ಇದರ ಪೂರ್ತಿ ಲೆಕ್ಕ ಇನ್ನೂ ಹೇಳಿಲ್ಲ.

ನೆಡದೆ ಏನು ಬಂತು ಅಂತ ಕೇಳ್ತೀರಿ. ಮೊದಲ ಮಳೆಗೆ ಹುಲ್ಲು, ಕಾಡು ಅರಿಶಿನ. ಎರಡನೇ ಮಳೆಗೆ ರಂಜದ ಸಸಿ, ಮರದಡಿ ಚೆಲ್ಲಿದ ಹಾಗೆ. ಆಮೇಲೆ ನೇರಲೆ, ಕವಲು, ಬಗನೆ. ಬನದಲ್ಲಿ ಇಲ್ಲದ ಉಪ್ಪಾಗೆ ಕೂಡ ಬಂತು, ಯಾವ ಪ್ರಾಣಿ ತಂದಿತೋ! ಈಗ ಕೆಲವು ನನ್ನ ತಲೆ ಮೀರಿವೆ. ಒಂದು ಎಚ್ಚರಿಕೆ: ಮೇಲೆ ತಾಯಿ ಮರ ಇದ್ದಲ್ಲಿ ಮಾತ್ರ ಇದು ನಡೆಯುತ್ತೆ. ಬೋಳು ಗುಡ್ಡದಲ್ಲಿ ಲಂಟಾನ ಕಿತ್ತು ಕೂತರೆ ಏನೂ ಬರಲ್ಲ. ಅಲ್ಲಿ ನೆಡಲೇಬೇಕು, ಅಂಕೋಲಾದ ತುಳಸಿ ಗೌಡರ ಹಾಗೆ ತಾಯಿ ಮರ ಹುಡುಕಿ ಬೀಜ ತಂದು ನೆಡಬೇಕು. 1987ರಲ್ಲಿ ಕುಸನೂರಿನಲ್ಲಿ ನೀಲಗಿರಿ ಕಿತ್ತು ಬೇರೆ ಸಸಿ ಹಚ್ಚುವ (ನೆಡುವ) "ಕಿತ್ತಿಕೋ ಹಚ್ಚಿಕೋ" ಸತ್ಯಾಗ್ರಹ ಮಾಡಿದರಲ್ಲ, ನನ್ನದು ಬರೀ ಕಿತ್ತಿಕೋ. ಹಚ್ಚುವ ಕೆಲಸ ಹಕ್ಕಿಗೆ ಬಿಟ್ಟದ್ದು.

ನಡುವೆ ಕೆಲವು ಪ್ರಯೋಗ ಮಾಡಿದೆ. ಶಾಲೆ ಮಕ್ಕಳ ಕೈಯಲ್ಲಿ ಬೀಜದುಂಡೆ ಮಾಡಿಸಿ ಎಸೆದೆವು. ಇಲಿಗೆ ಹಬ್ಬ ಆಯಿತು. ಘಟ್ಟದ ಕೆಳಗಿಂದ ಧೂಪದ ಮರದ ಬೀಜ ಒಣಗಿಸಿ ತರಿಸಿದೆ, ಒಂದೂ ಹುಟ್ಟಲಿಲ್ಲ. ಧೂಪದ ಬೀಜ ಬಿದ್ದ ವಾರದೊಳಗೆ ಹಸಿಯಾಗಿಯೇ ಮಣ್ಣಿಗೆ ಸೇರಬೇಕು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಲ್ಲಿ ಕುರ್ಚಿ, ಮೇಜು ಮಾಡುತ್ತಾರೆ ಅಂತ ನಾನೂ ಕೋಲು ಬೇಯಿಸಿ, ಸಿಪ್ಪೆ ಸುಲಿದು ಬುಟ್ಟಿ ಹೆಣೆಯೋಕೆ ಕೂತೆ. ಆ ಬುಟ್ಟಿಯಲ್ಲಿ ಈಗ ಬೆಕ್ಕು ಮರಿ ಹಾಕಿದೆ. ಗುಂಡಿಯಲ್ಲಿ ಲಂಟಾನದ ಇದ್ದಿಲು ಮಾಡಿ ಅಡಿಕೆ ಬುಡಕ್ಕೂ ಹಾಕಿದ್ದೇನೆ. ನನಗೇನೂ ವ್ಯತ್ಯಾಸ ಕಾಣಲಿಲ್ಲ, ಆದರೆ ಪಕ್ಕದ ತೋಟದವರು ಈಗ ಲೋಡ್‌ಗಟ್ಟಲೆ ಮಾಡುತ್ತಿದ್ದಾರೆ.

ಇನ್ನು ನನ್ನ ಒಳಗಿನ ವಿಷಯ. ಹರಕೆ ಕೆಲಸಕ್ಕೆ ಅಜ್ಜ ಮೂರು ನಿಯಮ ಹಾಕಿದ್ದರು. ಚಪ್ಪಲಿ ಇಲ್ಲ, ಮಾತಿಲ್ಲ, ಮಧ್ಯಾಹ್ನದ ತನಕ ಫೋನ್ ಇಲ್ಲ. ಮೊದಲ ವಾರ ತಲೆಯೊಳಗೆ ಜಗಳವೇ ಜಗಳ. ಆಮೇಲೆ ಒಂದು ದಿನ ಬುಡದ ಮಣ್ಣು ಬಿಡಿಸುತ್ತಿದ್ದಾಗ, ಬೆಳಿಗ್ಗೆಯಿಂದ ಯಾರಿಗೂ ಮನಸ್ಸಿನಲ್ಲೇ ಉತ್ತರ ಕೊಟ್ಟಿಲ್ಲ ಅಂತ ಹೊಳೆಯಿತು. ಮೂರು ಗಂಟೆಯ ಎಚ್ಚರ ಅದೇ ಮಳೆಗಾಲದಲ್ಲಿ ನಿಂತಿತು. ಯಾಕೆ ಅಂತ ತುಂಬಾ ಯೋಚನೆ ಮಾಡಿದ್ದೇನೆ. ಶಿಬಿರದಲ್ಲಿ ಸುಮ್ನೆ ಕೂರು ಅಂದರು, ನನಗೆ ಕೂರೋಕೆ ಬರಲ್ಲ. ಇಲ್ಲಿ ಕೈಗೆ ಕೆಲಸ ಇತ್ತು. ಗುಡಿ ಕಟ್ಟಬೇಕು ಅಂದ ಹುಡುಗ ಪಕ್ಕದ ಗುಂಟೆಯಲ್ಲೇ ಕೀಳುತ್ತಿದ್ದ, ಅವನ ಅಮ್ಮನ ಹರಕೆಗೆ. ಮಾತಾಡೋ ಹಾಗಿರಲಿಲ್ಲ. ಮಾತಾಡದೆ ಮೂರು ವಾರ ಒಬ್ಬನ ಪಕ್ಕ ಕೆಲಸ ಮಾಡಿದರೆ ಅವನ ಮೇಲೆ ಸಿಟ್ಟು ಉಳಿಯೋದು ಕಷ್ಟ.

ದೇವರು ಇದ್ದಾಳಾ ಅಂತ ಈಗಲೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಎಲೆಯಡಿಕೆ ಜಗಿಯುವವನು ನಾನು, ಬನದಲ್ಲಿ ಉಗುಳೋಕೆ ಬಾಯಿ ಬರಲ್ಲ. ಹೊರಗೆ ಬಂದು ರಸ್ತೆ ದಾಟಿ ಉಗುಳ್ತೀನಿ. ಗೆಳೆಯರು ಇದನ್ನು ಆಡಿಕೊಳ್ತಾರೆ. ಕೊಡಗಿನಲ್ಲಿ ಸಾವಿರದ ಇನ್ನೂರಕ್ಕೂ ಜಾಸ್ತಿ ದೇವರಕಾಡು ಉಳಿದಿರೋದು ಇಂಥ ಹೆದರಿಕೆಯಿಂದಲೇ ಅಂತ ನಾನೂ ಬಿಡದೆ ಹೇಳ್ತೀನಿ.

ಗುಡಿಯ ವಿಷಯ ಪೂರ್ತಿ ಮುಗಿದಿಲ್ಲ. ಈಗ ಬನದ ಹೊರಗೆ, ರಸ್ತೆ ಬದಿ, ಸಣ್ಣದಾಗಿ ಹೆಂಚಿನ ಮಂಟಪ ಅಂತ ಮಾತಾಗಿದೆ. ಹೊಸ ಅಧ್ಯಕ್ಷರು ಬಂದರೆ ಮತ್ತೆ ಆರ್‌ಸಿಸಿ ಅನ್ನಬಹುದು. ಅದಕ್ಕೇ ಒಂದು ಕಾಗದ ಜೋಪಾನವಾಗಿ ಇಟ್ಟುಕೊಂಡಿದ್ದೇನೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಾಜಸ್ಥಾನದ ದೇವರ ಕಾಡುಗಳನ್ನು ಗುರುತಿಸಿ ಕಾಪಾಡಿ ಅಂತ ತೀರ್ಪು ಕೊಟ್ಟಿತಲ್ಲ, ಅದರ ಜೆರಾಕ್ಸ್. ನೀವೂ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ, ಪಂಚಾಯಿತಿ ಸಭೆಯಲ್ಲಿ ಟೇಬಲ್ ಮೇಲೆ ಇಟ್ಟರೆ ದನಿ ಸ್ವಲ್ಪ ತಗ್ಗುತ್ತೆ.

ಮುಂದಿನ ಮಳೆಗೆ ಪಕ್ಕದೂರಿನ ಬನ ಹಿಡಿಯುತ್ತಿದ್ದೇವೆ. ಅಲ್ಲಿ ಐದಾರು ಎಕರೆ, ಅಂಚಿನಲ್ಲಿ ಅಕೇಶಿಯಾ ಬೇರೆ ಇದೆ. ಬರುವವರು ಬನ್ನಿ. ಪಿಕಾಸಿ ನಾವು ಕೊಡ್ತೀವಿ, ಊಟ ಬನದ ಪಕ್ಕದ ಮನೆಯ ಅಕ್ಕ ಹಾಕುತ್ತಾರೆ, ಗಂಜಿ ಮತ್ತು ಅಪ್ಪೆಮಿಡಿ. ಬ್ಯಾನರ್ ಮಾತ್ರ ತರಬೇಡಿ.